ಮಾಳಿಗೆ ಮೇಲೆ ಹತ್ತುವವರು ಯಾರು?

ಮೊದಲು ಬದನೆಕಾಯಿ ಆರ್ಗ್ಯಾನಿಕ್ ಆಯಿತು. ಆಮೇಲೆ ಬೆಲ್ಲ, ಆಮೇಲೆ ಸೋಪು, ಆಮೇಲೆ ಮಕ್ಕಳ ಅಂಗಿ. ಈಗ ಮನೆಯ ಸರದಿ.

ಹೋದ ವರ್ಷ ಆಫೀಸಿನ ಗೆಳೆಯನೊಬ್ಬನ ಗೃಹಪ್ರವೇಶಕ್ಕೆ ಹೋಗಿದ್ದೆ. ಕನಕಪುರದ ಕಡೆಗೆ, ಟ್ರಾಫಿಕ್ ಕೃಪೆ ಮಾಡಿದರೆ ಒಂದೂವರೆ ಗಂಟೆ ದಾರಿ. ಮಣ್ಣಿನ ಬಣ್ಣದ ಮನೆ. ಗೋಡೆಗಳು ಹಾವಿನ ಹಾಗೆ ಹರಿದಾಡುತ್ತಿದ್ದವು, ಹುಡುಕಿದರೂ ಒಂದು ಮೂಲೆ ಸಿಗಲಿಲ್ಲ. ಕಿಟಕಿಗಳು ಹನಿಯಾಕಾರ. ಎಲ್ಲರೂ ಫೋಟೋ ತೆಗೆದುಕೊಳ್ಳುತ್ತಿದ್ದರು, ನಾನೂ ತೆಗೆದುಕೊಂಡೆ. ಪಾಪ ಫ್ರಿಜ್ಜಿಗೆ ಮಾತ್ರ ಬೆನ್ನು ಕೊಡಲು ನೆಟ್ಟಗಿನ ಗೋಡೆ ಸಿಗದೆ, ಕರೆಯದೇ ಬಂದ ನೆಂಟನ ಹಾಗೆ ಅಡುಗೆಮನೆಯ ನಡುವೆ ನಿಂತಿತ್ತು.

"ಇದು ಆರ್ಗ್ಯಾನಿಕ್ ಆರ್ಕಿಟೆಕ್ಚರ್ ಕಣೇ" ಅಂದ.

"ವರ್ಷವರ್ಷ ಸಾರಿಸೋರು ಯಾರೋ?" ಅಂತ ಕೇಳಿದೆ. ಊರಿನ ಬುದ್ಧಿ.

"ಸಾರಿಸೋದಾ? ಏನೂ ಬೇಕಾಗಿಲ್ಲ. ಕಂಪ್ಲೀಟ್ ಮೇಂಟೆನೆನ್ಸ್-ಫ್ರೀ!"

ಹೋಳಿಗೆ ತಿಂದು ವಾಪಸು ಬಂದೆ. ಆದರೆ ಆ ಎರಡು ಮಾತುಗಳು ಒಂದರ ಪಕ್ಕ ಒಂದು ಕೂತಿದ್ದು ಸರಿಯೆನಿಸಲೇ ಇಲ್ಲ. ಜೀವ ಇರುವುದಕ್ಕೆ ಹಸಿವೂ ಇರುತ್ತದೆ. ಆರ್ಗ್ಯಾನಿಕ್ ಅನ್ನಿಸಿಕೊಳ್ಳುವ ಮನೆ ಏನನ್ನೂ ಬೇಡುವುದಿಲ್ಲ ಅಂದರೆ ಅದು ಜೀವಂತ ಗಿಡವಲ್ಲ, ರಿಸೆಪ್ಷನ್ನಿನಲ್ಲಿ ಇಡುವ ಪ್ಲಾಸ್ಟಿಕ್ ಗಿಡ. ಈ ಮಾತನ್ನು ನಾನು ಇಷ್ಟು ಧೈರ್ಯವಾಗಿ ಹೇಳುವುದಕ್ಕೆ ಕಾರಣ, ಹಸಿದ ಮನೆಯೊಂದನ್ನು ಹತ್ತಿರದಿಂದ ನೋಡಿದ್ದೇನೆ. ಅದರ ವಿಷಯಕ್ಕೆ ಬರುವ ಮುಂಚೆ ಈ ಪದದ ಯಜಮಾನರನ್ನು ಒಮ್ಮೆ ಮಾತಾಡಿಸಿಬಿಡೋಣ.

ಆರ್ಗ್ಯಾನಿಕ್ ವಾಸ್ತುಶಿಲ್ಪ ಎಂಬ ಮಾತನ್ನು ಲೋಕಪ್ರಸಿದ್ಧಿಗೆ ತಂದವರು ಅಮೆರಿಕದ ಫ್ರಾಂಕ್ ಲಾಯ್ಡ್ ರೈಟ್. ಅವರು ಹೇಳಿದ್ದು ಡೊಂಕು ಗೋಡೆಯ ವಿಷಯವಲ್ಲ. ಕಟ್ಟಡ ತಾನು ನಿಂತ ನೆಲದಿಂದಲೇ ಎದ್ದು ಬಂದ ಹಾಗಿರಬೇಕು, ಬಿಡಿಗೂ ಇಡಿಗೂ ಹೊಂದಿಕೆಯಿರಬೇಕು, ಕಲ್ಲು ಕಲ್ಲಿನ ಹಾಗೆ, ಮರ ಮರದ ಹಾಗೆ ಕಾಣಬೇಕು ಎಂಬುದು ಅವರ ವಾದ. ಪೆನ್ಸಿಲ್ವೇನಿಯಾದಲ್ಲಿ ಅವರು 1935ರಲ್ಲಿ ನಕ್ಷೆ ಬರೆದ 'ಫಾಲಿಂಗ್‌ವಾಟರ್' ಮನೆ ಜಲಪಾತದ ಎದುರಿಗಿಲ್ಲ, ಜಲಪಾತದ ಮೇಲೆಯೇ ಕೂತಿದೆ. ಅಲ್ಲಿದ್ದ ಬಂಡೆಯನ್ನು ಒಡೆಯದೆ ಒಳಗಿನ ಅಗ್ಗಿಷ್ಟಿಕೆಯ ಬುಡವಾಗಿ ಉಳಿಸಿಕೊಂಡರು. 2019ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಒಪ್ಪಿದೆ, ಅದ್ಭುತ.

ಆದರೆ ಆ ಮನೆ ಸೋರುತ್ತಿತ್ತು! ಕಟ್ಟಿಸಿದ ಪಿಟ್ಸ್‌ಬರ್ಗಿನ ವ್ಯಾಪಾರಿ ಕಾಫ್‌ಮನ್ ಅದನ್ನು 'ಏಳು ಬಕೆಟ್ಟಿನ ಮನೆ' ಅಂತ ಕರೆಯುತ್ತಿದ್ದರಂತೆ, ಅಷ್ಟು ಬಕೆಟ್ ಇಟ್ಟರೇ ನೆಲ ಒಣಗಿರುತ್ತಿತ್ತು ಅಂತ. ಹೊರಚಾಚಿದ ಕಾಂಕ್ರೀಟ್ ತಾರಸಿಗಳು ಬಾಗುತ್ತ ಬಂದು, ಕೊನೆಗೆ 2002ರಲ್ಲಿ ಒಳಗೆ ಉಕ್ಕಿನ ಹುರಿ ಹಾಕಿ ಬಿಗಿಯಬೇಕಾಯಿತು. ಇಷ್ಟಾದರೂ ಮನೆ ಉಳಿಯಿತು. ಮಗ 1963ರಲ್ಲಿ ಅದನ್ನು ಒಂದು ಸಂರಕ್ಷಣಾ ಸಂಸ್ಥೆಗೆ ಒಪ್ಪಿಸಿದ, ಅಲ್ಲಿಂದ ಮುಂದೆ ನೋಡಲು ಬರುವವರ ಟಿಕೆಟ್ ಹಣವೂ ಬಕೆಟ್ ಎತ್ತಲು ನೆರವಾಯಿತು. ಈ ಬಕೆಟ್ಟಿನ ಲೆಕ್ಕ ನೆನಪಿಟ್ಟುಕೊಳ್ಳಿ.

ನನ್ನ ಅವ್ವನ ತವರು ಲಕ್ಕುಂಡಿ. ಗದಗಿನಿಂದ ಕೊಪ್ಪಳದ ಕಡೆಗೆ ಹತ್ತು ಹನ್ನೆರಡು ಕಿಲೋಮೀಟರ್. ಶಾಸನಗಳ ಲೊಕ್ಕಿಗುಂಡಿ. ಅತ್ತಿಮಬ್ಬೆ 1007ರಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ಊರು, ಒಂದು ಕಾಲಕ್ಕೆ ಟಂಕಸಾಲೆ ಇದ್ದ ಊರು, ಹೊಯ್ಸಳ ವೀರಬಲ್ಲಾಳ ಕೆಲ ಕಾಲ ರಾಜಧಾನಿ ಮಾಡಿಕೊಂಡಿದ್ದ ಊರು. ನೂರೊಂದು ಗುಡಿ, ನೂರೊಂದು ಬಾವಿ ಅಂತಾರೆ. ನೋಡಲು ಬಂದವರು ಕಾಶಿವಿಶ್ವನಾಥನ ಬಾಗಿಲವಾಡದ ಕೆತ್ತನೆಗೆ ಬೆರಗಾಗಿ, ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಕೂತು ಫೋಟೋ ತೆಗೆಸಿಕೊಂಡು, ಸಂಜೆಯೊಳಗೆ ಬಾದಾಮಿಗೋ ಹಂಪಿಗೋ ಹೋಗಿಬಿಡುತ್ತಾರೆ. ಗುಡಿಯಿಂದ ಗುಡಿಗೆ ನಡೆಯುವಾಗ ನಡುವೆ ಸಿಗುವ ಮನೆಗಳನ್ನು ಮಾತ್ರ ಯಾರೂ ನೋಡುವುದಿಲ್ಲ. ನಾನೂ ನೋಡಿರಲಿಲ್ಲ. ರಜೆಗೆ ಹೋಗಿ ಅದರೊಳಗೇ ಮಲಗಿ ಎದ್ದು ಬರುತ್ತಿದ್ದೆ, ನೋಡಿರಲಿಲ್ಲ ಅಷ್ಟೇ.

ಮಾವನ ಮನೆ ಮಾಳಿಗೆ ಮನೆ. ಈ ಸೀಮೆಯಲ್ಲಿ ಮಾಳಿಗೆ ಅಂದರೆ ಮೊದಲ ಮಹಡಿಯಲ್ಲ, ಮಣ್ಣಿನ ಚಪ್ಪಟೆ ಛಾವಣಿ. ಕಲ್ಲು, ಕೆಸರು ಸೇರಿಸಿ ಎರಡಡಿಗೂ ದಪ್ಪ ಎಬ್ಬಿಸಿದ ಗೋಡೆ. ಒಳಗೆ ಮರದ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿ, ಜಂತಿಯ ಮೇಲೆ ಚಿಕ್ಕಚಿಕ್ಕ ಕಟ್ಟಿಗೆ ತುಂಡು, ಅದರ ಮೇಲೆ ಸೊಪ್ಪು, ಆಮೇಲೆ ಮಣ್ಣು. ಎಲ್ಲಕ್ಕೂ ಮೇಲೆ ಸವುಳು ಮಣ್ಣು. ಅಂಚಿಗೆ ಕುಂಬಿ, ಕುಂಬಿಯಲ್ಲಿ ನೀರು ಹೊರಚೆಲ್ಲಲು ದೋಣಿ. ಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನ ಕಟ್ಟುವ ಜಾಗ, ಗ್ವಾದಲಿ. ಒಂದು ಮೆಟ್ಟಿಲು ಮೇಲಕ್ಕೆ ಪಡಸಾಲಿ. ಅದರಾಚೆ ಅಡಗಿಮನಿ, ದೇವರ ಜಗುಲಿ. ಪಡಸಾಲಿಯ ನೆಲದ ಕೆಳಗೆ ಜೋಳ ತುಂಬಿಡುವ ಹಗೇವು ಇತ್ತು ಅಂತ ಅಜ್ಜಿ ಹೇಳುತ್ತಿದ್ದಳು, ನಾನು ಹುಟ್ಟುವ ಹೊತ್ತಿಗೆ ಮುಚ್ಚಿದ್ದರು. ಬೆಳಕು ಬರುವುದು ಮಾಳಿಗೆಯಲ್ಲಿ ಕೊರೆದ ಬೆಳಕಿಂಡಿಯಿಂದ. ಬೆಳಕಿನ ಕೋಲು ಮಧ್ಯದ ಕಂಬ ಮುಟ್ಟಿದರೆ ಊಟದ ಹೊತ್ತು. ಮೋಡ ಕವಿದರೆ ಓಡಿ ಹತ್ತಿ ಅದರ ಮೇಲೆ ಬೋಗುಣಿ ಕವುಚಬೇಕು.

ಈ ಸವುಳಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಇಡೀ ಮನೆಯ ಜಾಣತನ ಅಲ್ಲಿದೆ. ಗದಗ ಸೀಮೆಯಲ್ಲಿ ಬಹಳ ಕಡೆ ಎರಿ ಭೂಮಿ. ಹತ್ತಿಗೆ, ಕಡಲೆಗೆ ಅದರಂಥ ಮಣ್ಣಿಲ್ಲ. ಆದರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ. ಅದನ್ನು ಛಾವಣಿಗೆ ಹಾಕುವುದೂ ಒಂದೇ, ಜರಡಿ ಹಿಡಿಯುವುದೂ ಒಂದೇ. ಸವುಳು ಇದಕ್ಕೆ ಉಲ್ಟಾ. ಹೊಲದಲ್ಲಿ ಸವುಳು ಅಂದರೆ ಶಾಪ, ಬಿತ್ತಿದ್ದು ಏಳುವುದಿಲ್ಲ. ಸೋಡಿಯಂ ಹೆಚ್ಚಿರುವ ಆ ಮಣ್ಣು ನೀರು ತಾಗಿದೊಡನೆ ಅತಿ ಸಣ್ಣ ಕಣಗಳಾಗಿ ಬಿಡಿಸಿಕೊಂಡು, ಆ ಕಣಗಳು ಸಂದುಗೊಂದನ್ನೆಲ್ಲ ಮುಚ್ಚಿಬಿಡುತ್ತವೆ. ನೀರು ಕೆಳಗಿಳಿಯದೆ ಜಾರಿಕೊಂಡು ಹೋಗುತ್ತದೆ. ಹೊಲಕ್ಕೆ ಯಾವ ಕಾರಣಕ್ಕೆ ಶಾಪವೋ ಅದೇ ಕಾರಣಕ್ಕೆ ಮಾಳಿಗೆಗೆ ವರ. ಜೊತೆಗೆ ಅದರಲ್ಲಿ ಹುಲ್ಲು ಸುಲಭಕ್ಕೆ ಹುಟ್ಟುವುದಿಲ್ಲ, ಹುಟ್ಟಿದರೆ ಬೇರಿನ ದಾರಿಯಲ್ಲೇ ನೀರೂ ಇಳಿಯುತ್ತದೆ. ಮೆಕ್ಸಿಕೋದ ಹಾವಿಯರ್ ಸೆನೋಸಿಯಾಯಿನ್ ಎಂಬ ವಾಸ್ತುಶಿಲ್ಪಿ 1985ರ ಹೊತ್ತಿಗೆ ಶೇಂಗಾಕಾಯಿಯ ಆಕಾರದ 'ಕಾಸಾ ಆರ್ಗಾನಿಕಾ' ಕಟ್ಟಿ, ಅದರ ನೆತ್ತಿಯ ಮೇಲೆಲ್ಲ ಹುಲ್ಲು ಬೆಳೆಸಿದರು. ಜಗತ್ತು ಮೆಚ್ಚಿತು. ನಮ್ಮ ಅತ್ತಿ ಅದನ್ನು ನೋಡಿದರೆ ಕುರ್ಚಿಗಿ ಹಿಡಿದು ಹತ್ತಿಬಿಡುತ್ತಾಳೆ.

ಚಪ್ಪಟೆ ಮಾಳಿಗೆ ಇಲ್ಲಿ ಯಾಕೆ ಅಂದರೆ ಮಳೆ ಕಡಿಮೆ, ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಇದನ್ನು ಕಟ್ಟಿದ್ದರೆ ಮೊದಲ ಆಷಾಢಕ್ಕೇ ಕೆಸರಾಗಿ ಇಳಿದು ಬರುತ್ತಿತ್ತು. ಅಲ್ಲಿಗೆ ಇಳಿಜಾರು ಸೂರು, 1865ರಲ್ಲಿ ಬಾಸೆಲ್ ಮಿಷನ್ ಶುರು ಮಾಡಿದ ಮಂಗಳೂರು ಹಂಚು. ಇಲ್ಲಿ ಮಳೆಗಿಂತ ಬಿಸಿಲು ದೊಡ್ಡ ವೈರಿ. ಅಷ್ಟು ದಪ್ಪ ಮಣ್ಣು ಕಾಯುವುದೂ ನಿಧಾನ, ಆರುವುದೂ ನಿಧಾನ. ಮೇ ತಿಂಗಳ ಮಧ್ಯಾಹ್ನ ಪಕ್ಕದ ಆರ್‌ಸಿಸಿ ಮನೆಯವರು ಫ್ಯಾನಿನ ಕೆಳಗೂ ಬೇಯುತ್ತಿದ್ದರೆ, ಮಾವನ ಪಡಸಾಲಿಯಲ್ಲಿ ಹೊದಿಕೆ ಹುಡುಕಬೇಕು. ಇದನ್ನು ನಾನು ಅಕ್ಕರೆಗೆ ಹೇಳುತ್ತಿಲ್ಲ, ಆ ಮನೆಯಲ್ಲಿ ಫ್ಯಾನ್ ಬಂದದ್ದೇ ನಾನು ಕಾಲೇಜಿಗೆ ಹೋದ ಮೇಲೆ.

ರೈಟ್ ಕೇಳಿದ್ದೆಲ್ಲ ಇಲ್ಲಿದೆ. ನೆಲದಿಂದ ಎದ್ದಿದೆ, ಅಕ್ಷರಶಃ. ಮನೆ ಕಟ್ಟುವ ಸಾಮಗ್ರಿ ಐದು ಮೈಲಿ ಒಳಗೇ ಸಿಗಬೇಕು ಎಂಬ ಗಾಂಧೀಜಿಯ ಮಾತನ್ನು ಲಾರಿ ಬೇಕರ್ ನೆನೆಯುತ್ತಿದ್ದರಲ್ಲ, ಆ ಪರೀಕ್ಷೆಯಲ್ಲೂ ಹೆಚ್ಚುಕಡಿಮೆ ಪಾಸು. ಬಿದ್ದರೆ ಮತ್ತೆ ಮಣ್ಣಿಗೇ ಮಣ್ಣು. ಆದರೆ ಯಾವ ವಾಸ್ತುಶಿಲ್ಪದ ಪುಸ್ತಕವೂ ಬರೆಯದ ಇನ್ನೊಂದು ಸಾಮಗ್ರಿ ಆ ಛಾವಣಿಯಲ್ಲಿದೆ. ಅದು ವರ್ಷಕ್ಕೊಮ್ಮೆ ಹತ್ತುವ ಕಾಲು.

ರೋಹಿಣಿ ಮಳೆಗೂ ಮೊದಲೇ ಸವುಳು ತರಬೇಕು. ಹಳೆಯ ಪದರ ಕೆರೆದು, ಬಿರುಕಿಗೆ ಮಣ್ಣು ತುಂಬಿ, ಹೊಸ ಪದರ ಹರವಿ, ನೀರು ಚಿಮುಕಿಸಿ ತುಳಿಯಬೇಕು. ಮಿರಗ ಕೂಡುವುದರೊಳಗೆ ಇದು ಮುಗಿದಿರಬೇಕು. ಜೋರು ಮಳೆ ಮಾಳಿಗೆಗೆ ಅಷ್ಟು ಅಪಾಯವಲ್ಲ, ಬಿದ್ದು ಹರಿದು ಹೋಗುತ್ತದೆ. ಜಿಟಿಜಿಟಿ ಹಿಡಿದ ಮಳೆಯೇ ಮೋಸ. ಮೂರು ದಿನ ಬಿಡದೆ ಹಿಡಿದರೆ ಎಲ್ಲೋ ಒಂದು ಕಡೆ ಜಿನುಗು ಶುರು. ಆಗ ರಾತ್ರಿಯಾಗಲಿ ಹಗಲಾಗಲಿ ಯಾರಾದರೂ ನಿಚ್ಚಣಿಕೆ ಹಾಕಿ ಹತ್ತಿ, ಒದ್ದೆಯಲ್ಲೇ ಆ ಜಾಗ ಹುಡುಕಿ ಒಣ ಸವುಳು ಒತ್ತಬೇಕು. ಶಿಶುನಾಳ ಷರೀಫರು ಸೋರುವ ಮಾಳಿಗೆಯ ಬಗ್ಗೆ ಹಾಡಿದ್ದನ್ನು ನಾವೆಲ್ಲ ಸಿ. ಅಶ್ವತ್ಥರ ದನಿಯಲ್ಲಿ ಕೇಳಿ ತಲೆದೂಗಿದ್ದೇವೆ. ಅಜ್ಞಾನ, ದೇಹ, ಆತ್ಮ ಅಂತ ಅರ್ಥ ಹೇಳುತ್ತಾರೆ, ಹೇಳಲಿ. ಷರೀಫರ ಊರು ನಮ್ಮ ಪಕ್ಕದ ಜಿಲ್ಲೆ. ಕತ್ತಲಲ್ಲಿ ಮೇಲೆ ಹತ್ತಲಾಗದೆ, ಸರಿ ಮಾಡುವವರೂ ಇಲ್ಲದೆ ಕೆಳಗೆ ಕೂತವನ ಸಂಕಟ ಅದರಲ್ಲಿದೆ. ಅದು ತತ್ವವಾಗುವ ಮೊದಲು ಯಾರದೋ ಮನೆಯ ರಾತ್ರಿಯಾಗಿತ್ತು ಅನ್ನುವುದು ನನಗೆ ಮಾಳಿಗೆ ಮನೆಯಲ್ಲಿ ಮಲಗಿದ್ದರಿಂದ ಗೊತ್ತು.

ನಮ್ಮ ಮನೆಯಲ್ಲಿ ಗಂಡಸರು ಮಣ್ಣು ತಂದು ಏರಿಸುತ್ತಿದ್ದರು, ತುಳಿದು ಸಮ ಮಾಡುವುದು ಹೆಂಗಸರು. ಗೋಡೆ, ನೆಲ ಸಾರಿಸುವುದಂತೂ ಪೂರ್ತಿ ಹೆಂಗಸರ ಪಾಲು, ಅದಕ್ಕೆ ವರ್ಷಕ್ಕೊಮ್ಮೆ ಅಂತ ಇಲ್ಲ. ಅತ್ತಿ ಮದುವೆಯಾಗಿ ಬಂದು ನಲವತ್ತು ವರ್ಷಕ್ಕೆ ಹತ್ತಿರ. ಆಕೆಯ ಮೊಣಕಾಲು ಈಗ ಆ ಮನೆಯ ದಾಖಲೆ ಪುಸ್ತಕ. ಇನ್ನೊಂದು ಮಾತು ಮುಚ್ಚಿಡಬಾರದು. ಅಜ್ಜನ ಕಾಲದಲ್ಲಿ ಸವುಳು ಹೊತ್ತು ತರುತ್ತಿದ್ದವರು ಜೋಳಕ್ಕೆ ದುಡಿಯುತ್ತಿದ್ದ ಮನೆಗಳವರು. ಅವರು ಮನೆಯ ನೆತ್ತಿ ಹತ್ತಬಹುದಿತ್ತು, ಗ್ವಾದಲಿ ದಾಟಿ ಪಡಸಾಲಿಯ ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ನಾನು ಮೇಲೆ ಅಷ್ಟು ಹೆಮ್ಮೆಯಿಂದ ಬಣ್ಣಿಸಿದ ಆ ಒಂದು ಮೆಟ್ಟಿಲು ಅದೇ. ಹೊಂದಿಕೆಯ ಮಾತಾಡುವ ಯಾವ ವಾಸ್ತುಶಿಲ್ಪವೂ ಯಾರು ಎಲ್ಲಿಯವರೆಗೆ ಬರಬಹುದು ಎಂಬ ಲೆಕ್ಕವನ್ನು ಗೋಡೆಯೊಳಗೇ ಇಟ್ಟು ಕಟ್ಟಿರುತ್ತದೆ. ಮಣ್ಣಿನ ಮನೆ ಇದಕ್ಕೆ ಹೊರತಲ್ಲ.

ಹಾಗಾಗಿ ಈ ಮನೆಗಳು ಯಾಕೆ ಹೋದವು ಅಂತ ಕೇಳಿದಾಗ "ಜನಕ್ಕೆ ಸಿಮೆಂಟಿನ ಮೋಹ" ಅನ್ನುವ ಉತ್ತರ ನನಗೆ ಸಾಲುವುದಿಲ್ಲ. ಜೋಳಕ್ಕೆ ಮಣ್ಣು ಹೊರುವವರು ನಿಂತರು, ನಿಂತಿದ್ದೇ ಒಳ್ಳೆಯದಾಯಿತು. ಎತ್ತು ಮಾರಿದರು, ಸಗಣಿಯೂ ಹೋಯಿತು, ಚಕ್ಕಡಿಯೂ ಹೋಯಿತು. ತೊಲೆಗೆ ಬೇಕಾದ ಮರ ಕೈಗೆಟುಕದಾಯಿತು. ಹುಡುಗರು ಹುಬ್ಬಳ್ಳಿಗೆ, ಬೆಂಗಳೂರಿಗೆ ಬಂದರು (ನನ್ನನ್ನೂ ಸೇರಿಸಿಕೊಳ್ಳಿ). ಇದರ ಮೇಲೆ ಸರ್ಕಾರದ ಒಂದು ಪದ ಬಂತು: ಕಚ್ಚಾ. ಜನಗಣತಿಯ ಲೆಕ್ಕದಲ್ಲಿ ಮಣ್ಣಿನ ಗೋಡೆ, ಮಣ್ಣಿನ ಛಾವಣಿ ಅಂದರೆ ಕಚ್ಚಾ ಮನೆ. ಕಚ್ಚಾ ಅಂದರೆ ಇನ್ನೂ ಪೂರ್ತಿಯಾಗದ್ದು, ಕಾಯಿ. ನೂರು ವರ್ಷ ನಿಂತ ಮನೆ ಕಾಯಿ, ಮೊನ್ನೆ ಸ್ಲ್ಯಾಬ್ ಹಾಕಿ ಈಗಲೇ ಬಿರುಕು ಬಿಟ್ಟ ಮನೆ ಪಕ್ಕಾ ಹಣ್ಣು. 2016ರಲ್ಲಿ ಬಂದ ಗ್ರಾಮೀಣ ಆವಾಸ್ ಯೋಜನೆ ಬಯಲುಸೀಮೆಯ ಮನೆಗೆ 1 ಲಕ್ಷ 20 ಸಾವಿರ ರೂಪಾಯಿ ಕೊಡುತ್ತಿದ್ದದ್ದು ಪಕ್ಕಾ ಮನೆ ಕಟ್ಟಿಕೊಳ್ಳುವುದಕ್ಕೆ. ಮಾಳಿಗೆಗೆ ಎರಡು ಟ್ರ್ಯಾಕ್ಟರ್ ಸವುಳು ಹಾಕಿಸಲು ದುಡ್ಡು ಕೊಡುವ ಯೋಜನೆಯನ್ನು ನಾನು ಎಲ್ಲೂ ಕಂಡಿಲ್ಲ.

ಆ ಪದ ಪೂರ್ತಿ ಸುಳ್ಳು ಅನ್ನುವುದಕ್ಕೂ ನನಗೆ ಬಾಯಿ ಬರುವುದಿಲ್ಲ. ಕಿಲ್ಲಾರಿ ಇದೆಯಲ್ಲ.

1993ರ ಸೆಪ್ಟೆಂಬರ್ 30, ನಸುಕಿನ ನಾಲ್ಕು ಗಂಟೆಗೆ ಕೆಲವೇ ನಿಮಿಷ ಮೊದಲು ನಮ್ಮ ಬೀದರ್, ಕಲಬುರಗಿಗಳ ಆಚೆ ಲಾತೂರು, ಉಸ್ಮಾನಾಬಾದ್ ಸೀಮೆ ನಡುಗಿತು. ಹಿಂದಿನ ದಿನವಷ್ಟೇ ಗಣಪತಿ ಕಳಿಸಿ ದಣಿದು ಮಲಗಿದ್ದ ಜನ. ಭೂಕಂಪ ಅಂಥ ದೈತ್ಯ ಪ್ರಮಾಣದ್ದಲ್ಲ, 6ಕ್ಕಿಂತ ಸ್ವಲ್ಪ ಹೆಚ್ಚು. ಸತ್ತವರು ಸುಮಾರು 8 ಸಾವಿರ. ಕೊಂದದ್ದು ಮನೆಗಳು. ಕೆಸರಲ್ಲಿ ಪೇರಿಸಿದ ಗುಂಡುಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ನಮ್ಮ ಮನೆಯ ಅಕ್ಕತಂಗಿಯರೇ. ಲೆಕ್ಕ ಸರಳ: ಎಂಟು ಅಂಗುಲ ದಪ್ಪ ಮಣ್ಣು ಅಂದರೆ ಪ್ರತಿ ಚದರ ಮೀಟರಿಗೆ 300 ಕಿಲೋ ದಾಟುತ್ತದೆ. ಪ್ರತಿ ವರ್ಷ ಹಳೆಯದನ್ನು ಕೆರೆಯದೆ ಹೊಸದನ್ನಷ್ಟೇ ಹೇರುತ್ತ ಹೋದರೆ ತೂಕ ಏರುತ್ತಲೇ ಹೋಗುತ್ತದೆ. ಕೆರೆಯುವುದು ಹೇರುವುದಕ್ಕಿಂತ ಕಷ್ಟದ ಕೆಲಸ, ಕೈ ಕಡಿಮೆಯಾದಂತೆ ಮೊದಲು ಬಿಟ್ಟುಹೋಗುವುದು ಅದೇ. ಮನೆಯನ್ನು ಬದುಕಿಸುತ್ತಿದ್ದ ಅದೇ ಕೆಲಸವನ್ನು ಅರ್ಧ ಮಾಡಿದರೆ ಅದೇ ಮನೆ ನೆತ್ತಿಯ ಮೇಲಿನ ಸಮಾಧಿ. ಆಮೇಲೆ 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆ. ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಕೂತವು, ಊರೂರೇ 'ಆಸರೆ' ಮನೆಗಳಿಗೆ ಹೋದವು. 2019ರಲ್ಲಿ ಮತ್ತೆ ಅದೇ ಕಥೆ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಪರಿಹಾರ. ಆ ವರ್ಷ ಮಾವನ ಮನೆಯ ಹಿತ್ತಿಲ ಗೋಡೆ ಅರ್ಧ ಜರಿಯಿತು. "ಪೂರಾ ಬಿದ್ದಿದ್ರರ ಪಾಡಿತ್ತು" ಅಂದಳು ಅತ್ತಿ. ನಗುತ್ತಲೇ ಅಂದದ್ದು, ಆದರೆ ನಾನು ನಗಲಿಲ್ಲ.

ಹಾಗಿದ್ದರೆ ಕೆಡವಿ ಕಟ್ಟಬಹುದಿತ್ತಲ್ಲ? ಇಲ್ಲೇ ಲಕ್ಕುಂಡಿಯ ಚೋದ್ಯ ಇರುವುದು. ಮಾವನ ಮನೆಯಿಂದ ಗುಡಿಯ ಗೋಪುರ ಕಾಣುತ್ತದೆ, ಕಲ್ಲೆಸೆದರೆ ತಾಗುವಷ್ಟು ದೂರ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡ ಇಲ್ಲ, ದುರಸ್ತಿಗೂ ಅನುಮತಿ ಬೇಕು. ಕಾಯ್ದೆಯ ಉದ್ದೇಶ ಸರಿಯಾಗಿಯೇ ಇದೆ. ಇಲ್ಲದಿದ್ದರೆ ಕಾಶಿವಿಶ್ವನಾಥನ ಪಕ್ಕದಲ್ಲಿ ನಾಲ್ಕಂತಸ್ತಿನ ಲಾಡ್ಜ್ ಏಳುತ್ತಿತ್ತು. ಆದರೆ ಫಲಿತಾಂಶ ನೋಡಿ. ಊರಿನ ಆಚೆ ಬದಿ ಮಾಳಿಗೆ ಮನೆಗಳು ಮಾಯವಾಗಿ ಸ್ಲ್ಯಾಬು, ತಗಡು ಬಂದಿವೆ. ಗುಡಿಗಳ ಸುತ್ತ ಇನ್ನೂ ಕೆಲವು ಉಳಿದಿದ್ದರೆ ಅದು ಯಾರೋ ಬೇಕೆಂದು ಉಳಿಸಿದ್ದಲ್ಲ, ಗುಡಿಯ ನೆರಳು ಬಿದ್ದಿದ್ದಕ್ಕೆ. ಕೆಡವಲೂ ಆಗದೆ, ಸಾಕಲೂ ಆಗದೆ, ನೀಲಿ ತಾಡಪಾಲು ಹೊದ್ದು ಕೂತಿವೆ.

ಇದು ನನಗೆ ಚುಚ್ಚುವುದು ಇನ್ನೊಂದು ಕಾರಣಕ್ಕೆ. ಐಹೊಳೆಯ ಲಾಡಖಾನ ಗುಡಿ ನೋಡಿದ್ದೀರಾ? ಛಾವಣಿಯ ಕಲ್ಲುಚಪ್ಪಡಿಗಳ ಸಂದಿಯ ಮೇಲೆ ಉದ್ದುದ್ದ ಕಲ್ಲಿನ ಪಟ್ಟಿಗಳಿವೆ, ಥೇಟ್ ಮರದ ದಿಮ್ಮಿಯ ಹಾಗೆ. ಮರದಲ್ಲಿ ಮನೆ ಕಟ್ಟಿ ಬಲ್ಲ ಕೈ ಕಲ್ಲಿಗೆ ಬಂದಾಗ ಹೀಗಾಗುತ್ತದೆ. (ಆ ಗುಡಿಗೆ ಹೆಸರು ಬಂದದ್ದೂ ಅದನ್ನು ಮನೆ ಮಾಡಿಕೊಂಡಿದ್ದ ಲಾಡಖಾನನಿಂದ.) ಲಕ್ಕುಂಡಿಯ ಗುಡಿಗಳ ಹೊತ್ತಿಗೆ ಶಿಲ್ಪಿಗಳು ಮರಳುಗಲ್ಲು ಬಿಟ್ಟು ಮೆತ್ತನೆಯ ಬಳಪದ ಕಲ್ಲಿಗೆ ಬಂದಿದ್ದರು, ಕಂಬಗಳನ್ನು ಬುಗುರಿಯ ಹಾಗೆ ತಿರುಗಿಸಿ ಕಡೆದಿದ್ದಾರೆ. ಅದೂ ಬಡಿಗನ ವಿದ್ಯೆಯ ನೆಂಟಸ್ತಿಕೆ. ಕಂಬ, ತೊಲೆ, ಜಗಲಿ ಇವೆಲ್ಲ ದೇವರಿಗೆ ಸಿಕ್ಕದ್ದು ಮನುಷ್ಯರ ಮನೆಯಿಂದ. ಹೆನ್ರಿ ಕಸಿನ್ಸ್ 1926ರಲ್ಲಿ ಪ್ರಕಟವಾದ ಚಾಲುಕ್ಯ ವಾಸ್ತುಶಿಲ್ಪದ ದೊಡ್ಡ ಪುಸ್ತಕದಲ್ಲಿ ಈ ಗುಡಿಗಳನ್ನು ಅಷ್ಟು ಶ್ರದ್ಧೆಯಿಂದ ದಾಖಲಿಸಿದರು. ಆ ಶ್ರದ್ಧೆಯ ಒಂದು ಪಾಲು ಪಕ್ಕದ ಮನೆಯ ಜಂತಿಗೆ ಸಿಕ್ಕಿದ್ದರೆ ಇವತ್ತು ನಮ್ಮ ಹತ್ತಿರ ಕನಿಷ್ಠ ಒಂದು ನಕ್ಷೆಯಾದರೂ ಇರುತ್ತಿತ್ತು. ಮಾವನ ಮನೆಯ ನಕ್ಷೆ ಇರುವುದು ಅತ್ತಿಯ ತಲೆಯೊಳಗೆ, ಯಾವ ಜಂತಿಗೆ ಗೆದ್ದಲು ಹಿಡಿದಿದೆ ಎನ್ನುವುದರ ಸಮೇತ.

ನಾನು ಮಾಡಿದ ಒಂದು ಮೂರ್ಖತನವನ್ನೂ ಹೇಳಿಬಿಡುತ್ತೇನೆ. ಗೆಳೆಯನ ಗೃಹಪ್ರವೇಶ ಮುಗಿಸಿ ಬಂದ ಮೇಲೆ ತಲೆಯಲ್ಲಿ ಹುಳ ಹೊಕ್ಕು, ಊರಿಗೆ ಹೋಗಿ ಮಾವನ ಮುಂದೆ ಪ್ರೆಸೆಂಟೇಶನ್ ಕೊಟ್ಟೆ. ಹೋಂಸ್ಟೇ ಮಾಡೋಣ, ಗುಡಿ ನೋಡಲು ಬಂದವರು ಒಂದು ರಾತ್ರಿ ಉಳಿಯುತ್ತಾರೆ, ಜೋಳದ ರೊಟ್ಟಿ, ಎಣ್ಣೆಗಾಯಿ, ಮಾಳಿಗೆಯ ಮೇಲೆ ಹಾಸಿಗೆ, ನಕ್ಷತ್ರ.

ಮಾವ ಸುಮ್ಮನೆ ಕೇಳಿದರು. ಅತ್ತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಅಂದಳು:

"ಚಲೋ ಐತಿ ಬಿಡವಾ. ಬಂದವ್ರು ಮಾಳಿಗಿ ಮ್ಯಾಲ ಮಲಗ್ತಾರ. ಮಾಳಿಗಿ ಮ್ಯಾಲ ಮಣ್ಣ ಹಾಕಾಕ ಯಾರ್ ಬರ್ತಾರ? ನೀ ಬರ್ತೀಯೇನು?"

"ಆಳು ಇಡೋಣ ಅತ್ತಿ."

"ಆಳಿಗೆ ಸವುಳು ಯಾವುದು, ಎರಿ ಯಾವುದು ಗೊತ್ತೈತೇನು? ಕಡೀಗೆ ಹತ್ತಾಕಿ ನಾನ. ನನ್ನ ಮ್ಯಾಲ ಮಣ್ಣ ಹಾಕೂ ಹೊತ್ತಿಗೂ ನಾ ಇದರ ಮ್ಯಾಲ ಮಣ್ಣ ಹಾಕ್ಕೋಂತ ಇರಬೇಕೇನು?"

ಉತ್ತರ ಇರಲಿಲ್ಲ. ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಆಮೇಲೆ ಯೋಚಿಸಿದರೆ ಕನಕಪುರದ ಗೆಳೆಯನಿಗೆ ನಾನು ಸ್ವಲ್ಪ ಅನ್ಯಾಯ ಮಾಡಿದೆ ಅನಿಸುತ್ತದೆ. ಅವನ ಮನೆಯ ಗೋಡೆಗೆ ಒಂದು ಒಳ್ಳೆಯ ವಂಶಾವಳಿ ಇದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಕೇಂದ್ರ ಶುರು ಮಾಡಿದರು, ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆ. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಸ್ವಲ್ಪವೇ ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿಯಾಗುವ ಇಟ್ಟಿಗೆ ಮಾಡಿದರು. ಮಳೆಗೆ ಕರಗದ, ವರ್ಷವರ್ಷ ಸಾರಿಸಬೇಕಿಲ್ಲದ ಮಣ್ಣು. ಅಂದರೆ ಅವರು ಕೇಳಿಕೊಂಡದ್ದು ಅತ್ತಿಯ ಪ್ರಶ್ನೆಯನ್ನೇ. ವ್ಯಂಗ್ಯ ಏನೆಂದರೆ ಹಳ್ಳಿಗೆಂದು ಹುಟ್ಟಿದ ಆ ಇಟ್ಟಿಗೆ ಇವತ್ತು ಜೋರಾಗಿ ಬಿಕರಿಯಾಗುತ್ತಿರುವುದು ಬೆಂಗಳೂರಿನ ಸುತ್ತಲಿನ ವಿಲ್ಲಾಗಳಿಗೆ. ಲಕ್ಕುಂಡಿಯಲ್ಲಿ ನಾನು ಅದನ್ನು ನೋಡಿಲ್ಲ. ಅಲ್ಲಿಗೆ ಹೋದದ್ದು ಸಿಮೆಂಟ್ ಬ್ಲಾಕು ಮತ್ತು ತಗಡು.

ಗೆಳೆಯನ ಮನೆಯ ಮೇಲೆ ನನ್ನ ತಕರಾರು ಈಗ ಚಿಕ್ಕದಾಗಿದೆ, ಹೋಗಿಲ್ಲ. ಗೋಡೆ ಚೆನ್ನಾಗಿದೆ, ಹೆಸರು ತಪ್ಪು. ಡೊಂಕು ಗೋಡೆಗೂ ನೆಲಕ್ಕೂ ಸಂಬಂಧವಿಲ್ಲ. ಅದು ಅಲ್ಲಿಯ ಮಳೆಯನ್ನೂ ಕೇಳಿಲ್ಲ, ಮಣ್ಣನ್ನೂ ಕೇಳಿಲ್ಲ, ಕ್ಯಾಮೆರಾವನ್ನು ಕೇಳಿದೆ. ಮಾವನ ಮನೆಗೆ ಒಂದೂ ಡೊಂಕಿಲ್ಲ, ಪೆಟ್ಟಿಗೆಯ ಹಾಗಿದೆ, ಫ್ರಿಜ್ಜು ಗೋಡೆಗೆ ನೀಟಾಗಿ ಅಂಟಿ ನಿಂತಿದೆ. ಅದರ ಕಟ್ಟೋಣದಲ್ಲಿ ಸುಮ್ಮನೆ ಇರುವುದು ಒಂದೂ ಇಲ್ಲ. ವಾಸ್ತುಶಿಲ್ಪವಾಗಿ ಅದು ದೊಡ್ಡ ಕೃತಿ. ಮನೆಯಾಗಿ ಅದು ಒಬ್ಬ ಹೆಂಗಸಿನ ಮೊಣಕಾಲನ್ನು ತಿಂದಿದೆ. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳದ ಯಾವ ಮೆಚ್ಚುಗೆಯನ್ನೂ ನಾನಿನ್ನು ನಂಬಲಾರೆ.

ಈ ವರ್ಷ ರೋಹಿಣಿ ಮಳೆಗೆ ಮೊದಲು ನಾಲ್ಕು ದಿನ ರಜೆ ಹಾಕಿ ಹೋದೆ. ಮಾವ ಟ್ರ್ಯಾಕ್ಟರಿನವನಿಗೆ ಸವುಳು ಇರುವ ಜಾಗ ತೋರಿಸಲು ಹೋಗಿದ್ದರು, ಆ ಜಾಗವೂ ಈಗ ಯಾರದೋ ಸೈಟು, ಕೇಳಿ ತರಬೇಕು. ನಿಚ್ಚಣಿಕೆ ಹತ್ತಿ ಮಾಳಿಗೆಯ ಮೇಲೆ ನಿಂತೆ. ಬೆಳಗಿನ ಏಳು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಹಳೆಯ ಪದರ ಕೆರೆಯಲು ಶುರು ಮಾಡಿ ಅರ್ಧ ಗಂಟೆಗೆ ಅಂಗೈಯಲ್ಲಿ ಗುಳ್ಳೆ ಎದ್ದವು. ಕೆರೆದದ್ದು ಒಂದು ಚಾಪೆ ಹಾಸುವಷ್ಟು ಜಾಗ.

ಕೆಳಗೆ ಅಂಗಳದಲ್ಲಿ ನಿಂತು ಅತ್ತಿ ಕೂಗಿದಳು, "ಅಲ್ಲಿ ಬ್ಯಾಡ! ಆ ಕಡೆ ಜಂತಿ ಹೋಗೇತಿ, ಈ ಕಡೆ ಸರಿ!"

ಸರಿದೆ.